ಮಾತ್ರೆ ಕೊಡಲು ಇಷ್ಟು ಹೊತ್ತೇಕೆ? ಔಷಧ ಅಂಗಡಿಯ ಬಗ್ಗೆ ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಚೀಟಿ ನೋಡಿ ಕಪಾಟಿನಿಂದ ಡಬ್ಬಿ ತೆಗೆದುಕೊಡುವುದಷ್ಟೇ ಕೆಲಸವಲ್ಲವೇ? ಅದಕ್ಕೆ ಕಾಲು ಗಂಟೆ ಕಾಯಿಸುತ್ತಾರೆ. ವಯಸ್ಸೆಷ್ಟು, ಅಲರ್ಜಿ ಇದೆಯೇ, ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂಬ ವಿಚಾರಣೆ ಬೇರೆ.

ಉತ್ತರ: ಡಬ್ಬಿ ತೆಗೆಯಲು ಅರ್ಧ ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೋಗುವುದು ಅದು ನಿಮಗೆ ಸಲ್ಲಬೇಕಾದ ಡಬ್ಬಿಯೇ ಎಂದು ಖಚಿತಪಡಿಸಿಕೊಳ್ಳುವುದಕ್ಕೆ. ಚೀಟಿ ಯಾರದು, ಯಾವ ದಿನದ್ದು, ಬರೆದವರಿಗೆ ಆ ಅಧಿಕಾರವಿದೆಯೇ ಎಂದು ಮೊದಲು ನೋಡುತ್ತೇವೆ. ಆಮೇಲೆ ಪ್ರಮಾಣ ಆ ವಯಸ್ಸಿಗೆ, ಆ ಮೂತ್ರಪಿಂಡಕ್ಕೆ ಹೊಂದುತ್ತದೆಯೇ ಎಂದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿರುವವರು ಅದನ್ನು ಹೇಳದೆ ಮೊಣಕಾಲು ನೋವಿಗೆ ಐಬುಪ್ರೊಫೇನ್ ಕೇಳಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ವಿಚಾರಿಸದೆ ನಮಗೆ ಇದು ತಿಳಿಯುವುದಾದರೂ ಹೇಗೆ?

ಇನ್ನು ಹೆಸರುಗಳ ಕಾಟ. ಹೈಡ್ರಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಅಕಾರಾದಿಯಾಗಿ ಜೋಡಿಸಿದರೆ ಎರಡೂ ಹತ್ತಿರ ಹತ್ತಿರವೇ ಬಂದು ಕೂರುತ್ತವೆ. ಇಂಥವನ್ನು ದೂರ ದೂರ ಇಡಬೇಕು, ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ಚೀಟಿಯೊಡನೆ ತಾಳೆ ನೋಡಬೇಕು. ಏನನ್ನೂ ಕೇಳದೆ ಚಕ್ಕನೆ ಕೊಟ್ಟುಬಿಡುವ ಕೌಂಟರನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಪ್ರಶ್ನೆ: ನಾನು ತರಬೇತಿಯಲ್ಲಿರುವ ಫಾರ್ಮಸಿಸ್ಟ್. ಸಂಧಿವಾತದ ರೋಗಿಯ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ, ದಿನಕ್ಕೊಂದು ಸಲ ಎಂದಿತ್ತು. ವೈದ್ಯರು ಫೋನಿಗೆ ಸಿಗಲಿಲ್ಲ, ರೋಗಿಗೆ ಅವಸರ. ಇಂಥ ಹೊತ್ತಿನಲ್ಲಿ ಬರೆದಂತೆ ಕೊಟ್ಟುಬಿಡಬಹುದೇ?

ಉತ್ತರ: ಕೂಡದು. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಈ ಮಾತ್ರೆ ವಾರಕ್ಕೆ ಒಂದೇ ಸಲ. ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ರಕ್ತಕಣಗಳು ಇಳಿದುಹೋಗುತ್ತವೆ, ಜನ ಸತ್ತಿದ್ದಾರೆ. ಈ ತಪ್ಪು ಎಷ್ಟು ಮರುಕಳಿಸುತ್ತದೆಂದರೆ, 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ತಡೆಯಲೆಂದೇ ಪೊಟ್ಟಣದ ಮೇಲೆ ಎಚ್ಚರಿಕೆ ಸೇರಿದಂತೆ ಹೊಸ ಕ್ರಮಗಳನ್ನು ಸೂಚಿಸಿತು.

‘ವೈದ್ಯರೇ ಬರೆದಿದ್ದಾರೆ’ ಎಂಬುದು ನಿಮ್ಮನ್ನು ಕಾಪಾಡುವುದಿಲ್ಲ. ಬರೆದವರ ಹೊಣೆ ಬರೆದವರಿಗೆ, ಕೊಟ್ಟವರ ಹೊಣೆ ಕೊಟ್ಟವರಿಗೆ. ಹಾಗೆಂದು ‘ದಿನಕ್ಕೆ’ ಎಂಬುದನ್ನು ನೀವೇ ‘ವಾರಕ್ಕೆ’ ಎಂದು ತಿದ್ದುವುದೂ ತಪ್ಪು. ಊಹೆ ಸರಿಯಿದ್ದರೂ ಅದು ಊಹೆಯೇ. ಆಸ್ಪತ್ರೆಯ ಬೇರೆ ವೈದ್ಯರನ್ನೋ ಕರ್ತವ್ಯದಲ್ಲಿರುವವರನ್ನೋ ಹುಡುಕಿ. ಯಾರೊಡನೆ, ಎಷ್ಟು ಗಂಟೆಗೆ ಮಾತನಾಡಿದಿರಿ, ಅವರು ಏನು ಹೇಳಿದರು ಎಂದು ಬರೆದಿಡಿ. ವಾರಕ್ಕೊಮ್ಮೆ ನುಂಗುವ ಮಾತ್ರೆ ಒಂದು ದಿನ ತಡವಾದರೆ ಸಾಮಾನ್ಯವಾಗಿ ದೊಡ್ಡ ತೊಂದರೆಯಿಲ್ಲ, ಆದ್ದರಿಂದ ಕಾಯಲು ಹೇಳಲು ಅಳುಕಬೇಡಿ.

ಚೀಟಿ ಸರಿಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ವಾರದ ಯಾವ ದಿನ ಎಂದು ರೋಗಿಯೊಡನೆ ಮಾತನಾಡಿಯೇ ನಿಗದಿಪಡಿಸಿ, ಲೇಬಲ್ ಮೇಲೆ ‘ಸೋಮವಾರ ಮಾತ್ರ’ ಎಂಬಂತೆ ಪೂರ್ತಿ ಬರೆಯಿರಿ. 2.5 ಮಿಲಿಗ್ರಾಂ ಮಾತ್ರೆಯಾದರೆ ನಾಲ್ಕು ಎಂದು ಎಣಿಸಿ ತೋರಿಸಿ. ಬಾಯಿಹುಣ್ಣು, ಗಂಟಲುನೋವು, ಜ್ವರ, ಒಣಕೆಮ್ಮು ಕಂಡರೆ ಮುಂದಿನ ಸಲದ ಮಾತ್ರೆಗೆ ಮೊದಲೇ ವೈದ್ಯರನ್ನು ಕಾಣಲು ತಿಳಿಸಿ. ಮೂತ್ರದ ಸೋಂಕಿಗೆಂದು ಬೇರೆ ಯಾರಾದರೂ ಟ್ರೈಮೆಥೊಪ್ರಿಮ್ ಬರೆದುಕೊಟ್ಟರೆ ಅದನ್ನು ಇದರೊಡನೆ ನುಂಗಬಾರದು ಎಂಬುದನ್ನೂ ಮರೆಯದೆ ಹೇಳಿ. ಕೊನೆಗೆ ರೋಗಿಯ ಬಾಯಿಂದಲೇ ‘ಯಾವಾಗ, ಎಷ್ಟು’ ಎಂದು ಹೇಳಿಸಿ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ.

ಮರುಪ್ರಶ್ನೆ: ರೋಗಿ ಸಿಟ್ಟಾಗಿ ಚೀಟಿ ಕಿತ್ತುಕೊಂಡು ಬೇರೆ ಅಂಗಡಿಗೆ ಹೋದರೆ?

ಉತ್ತರ: ಹೋಗಲಿ, ಆದರೆ ಕಾರಣ ಕೇಳಿಸಿಕೊಳ್ಳದೆ ಹೋಗಬಾರದು. ಏಕೆ ಕೊಡಲಿಲ್ಲ ಎಂದು ಒಂದೇ ವಾಕ್ಯದಲ್ಲಿ, ನೇರವಾಗಿ ಹೇಳಿ: ‘ದಿನವೂ ನುಂಗಿದರೆ ಇದು ಪ್ರಾಣಾಪಾಯ ತರಬಹುದು, ವೈದ್ಯರನ್ನು ಕೇಳದೆ ನುಂಗಬೇಡಿ.’ ವೈದ್ಯರಿಗೆ ಸುದ್ದಿ ಮುಟ್ಟಿಸುವ ಪ್ರಯತ್ನವನ್ನೂ ಬಿಡಬೇಡಿ. ಘಟನೆಯನ್ನು ಅಂಗಡಿಯ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಯಾರಿಗೂ ಹಾನಿಯಾಗದೆ ಕೂದಲೆಳೆಯಲ್ಲಿ ತಪ್ಪಿದ ಸಂಗತಿಗಳನ್ನು ಬರೆದಿಡಲು ಸಿಬ್ಬಂದಿ ಹಿಂಜರಿಯುತ್ತಾರೆ, ಬೈಗುಳದ ಭಯ. ಆ ಭಯವನ್ನು ಹೋಗಲಾಡಿಸಬೇಕಾದವರು ಮಾಲೀಕರು.

ಪ್ರಶ್ನೆ: ಇನ್ಸುಲಿನ್ ಮಂಜುಗಟ್ಟಿದ್ದು ಕರಗಿದ ಮೇಲೆ ಬಳಸಬಹುದೇ ಮೇಡಂ ಅಥವಾ ಸರ್? ನೋಡಲು ಮೊದಲಿನ ಹಾಗೆಯೇ ಇದೆ.

ಉತ್ತರ: ಸರ್ ಎನ್ನಿ ಸಾಕು. ಬಳಸಬಾರದು. ನೋಟಕ್ಕೆ ಬದಲಾಗದಿದ್ದರೂ ಅದರ ಶಕ್ತಿ ಕುಂದಿರಬಹುದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫ್ರೀಜರ್ ತಟ್ಟೆಗೆ ತಾಗಿಸಬಾರದು. ಬಳಕೆಯಲ್ಲಿರುವ ಪೆನ್ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿದ್ದರೆ ನಡೆಯುತ್ತದೆ. ಉತ್ಪನ್ನದಿಂದ ಉತ್ಪನ್ನಕ್ಕೆ ವ್ಯತ್ಯಾಸವಿರುವುದರಿಂದ ಒಳಗಿನ ಮಾಹಿತಿ ಚೀಟಿ ಓದಿ. ಅಂಗಡಿಯ ಫ್ರಿಜ್‌ನಲ್ಲಿ ಕನಿಷ್ಠ, ಗರಿಷ್ಠ ತಾಪಮಾನ ತೋರಿಸುವ ಮಾಪಕವಿರಬೇಕು, ಅಂಕಿಗಳನ್ನು ದಿನವೂ ಪುಸ್ತಕದಲ್ಲಿ ಬರೆಯಬೇಕು. ಆ ಫ್ರಿಜ್‌ನಲ್ಲಿ ಸಿಬ್ಬಂದಿಯ ಊಟದ ಡಬ್ಬಿ ಕಂಡರೆ ಆ ಪುಸ್ತಕವನ್ನೂ ನಾನು ನಂಬುವುದಿಲ್ಲ.

ಪ್ರಶ್ನೆ: ಸೀಲ್ ಒಡೆಯದ ಮಾತ್ರೆಗಳನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ಇದು ಅನ್ಯಾಯವಲ್ಲವೇ?

ಉತ್ತರ: ನಿಮ್ಮ ಕೈಗೆ ಬಂದ ಮೇಲೆ ಅದು ಕಾರಿನ ಬಿಸಿಲಿನಲ್ಲಿತ್ತೋ ಬಚ್ಚಲುಮನೆಯ ತೇವದಲ್ಲಿತ್ತೋ ಸೀಲ್ ಹೇಳುವುದಿಲ್ಲ. ಹಾಗೆ ಬಂದದ್ದನ್ನು ಇನ್ನೊಬ್ಬ ರೋಗಿಗೆ ಮಾರುವಂತಿಲ್ಲ. ಬೇಡವಾದ ಔಷಧವನ್ನು ವಿಲೇವಾರಿಗೆಂದು ಸ್ವೀಕರಿಸುವ ವ್ಯವಸ್ಥೆ ಇದ್ದರೆ ಅಲ್ಲಿಗೇ ಕೊಡಿ, ಶೌಚಾಲಯಕ್ಕೆ ಸುರಿಯಬೇಡಿ. ತಯಾರಕರೇ ಯಾವುದಾದರೂ ಬ್ಯಾಚ್ ಹಿಂದಕ್ಕೆ ಕರೆದರೆ ಮಾತು ಬೇರೆ, ಆಗ ತಂದುಕೊಡಲೇಬೇಕು. ಅದಕ್ಕಾಗಿ ಮಾತ್ರೆ ಮುಗಿಯುವತನಕ ಬ್ಯಾಚ್ ಸಂಖ್ಯೆಯಿರುವ ಪೊಟ್ಟಣವನ್ನು ಎಸೆಯಬೇಡಿ.