ಮುಟ್ಟು ನಿಂತ ಮೇಲೆ ನೀರಿನ ವ್ಯಾಯಾಮ: ಮಾಡಿದವರು ಸ್ವಲ್ಪ ಹೇಳಿ

ಕೇಳಿದವರು:
ನನಗೆ 54. ಮುಟ್ಟು ನಿಂತು ಮೂರು ವರ್ಷ ಆಯಿತು. ಎರಡೂ ಮಂಡಿ ನೋವು, ತೂಕ ಎಂಟು ಕಿಲೋ ಏರಿದೆ, ರಾತ್ರಿ ಮೈಯೆಲ್ಲ ಬಿಸಿಯಾಗಿ ಎಚ್ಚರ ಆಗುತ್ತದೆ. ವಾಕಿಂಗ್ ಶುರು ಮಾಡಿದರೆ ಮೂರನೇ ದಿನಕ್ಕೇ ಮಂಡಿ ಊದುತ್ತದೆ. ಮೂಳೆ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 1.8 ಬಂದಿದೆ. ಡಾಕ್ಟರ್ ನೀರಿನಲ್ಲಿ ವ್ಯಾಯಾಮ ಮಾಡಿ ಎಂದರು, ಹೇಗೆ ಅಂತ ಹೇಳಲಿಲ್ಲ. ನನಗೆ ಈಜು ಬರುವುದಿಲ್ಲ. ನಿಜ ಹೇಳಿ, ಉಪಯೋಗ ಆಗುತ್ತಾ?

58 ವರ್ಷ, ನೀರಿಗಿಳಿದು ನಾಲ್ಕು ವರ್ಷ:
ಆಗುತ್ತದೆ. ಆದರೆ ಸುಮ್ನೆ ನೀರಿನಲ್ಲಿ ನಿಂತರೆ ಆಗುವುದಿಲ್ಲ, ಅದನ್ನು ನಾನು ಆರು ತಿಂಗಳು ಹಾಳು ಮಾಡಿಕೊಂಡು ಕಲಿತೆ. ಮೊದಲು ಭಯದ ವಿಷಯ ಮುಗಿಸೋಣ. ನನಗೆ ಇವತ್ತಿಗೂ ಈಜು ಬರುವುದಿಲ್ಲ. ಎದೆಮಟ್ಟದ ನೀರಿನಲ್ಲಿ ಕಾಲು ನೆಲಕ್ಕೆ ತಾಗಿಯೇ ಇರುತ್ತದೆ, ತಲೆ ಮುಳುಗಿಸುವ ಕೆಲಸವೇ ಇಲ್ಲ. ಮೊದಲ ದಿನ ಇಪ್ಪತ್ತು ನಿಮಿಷ ಪಕ್ಕದ ಕಂಬಿ ಬಿಡಲೇ ಇಲ್ಲ ನಾನು, ಬೆರಳು ಮರಗಟ್ಟಿ ಹೋಗಿತ್ತು. ಎರಡನೇ ವಾರ ಒಂದು ಕೈ ಬಿಟ್ಟೆ. ಆಮೇಲೆ ಕಂಬಿ ನೆನಪೇ ಆಗಲಿಲ್ಲ.

ಮಂಡಿಗೆ ಯಾಕೆ ಹಿತ ಅಂದರೆ, ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧ ಆಗುತ್ತದೆ, ಎದೆವರೆಗೆ ಇಳಿದರೆ ಮೂರನೇ ಒಂದು ಭಾಗ, ಕೆಲವರಿಗೆ ಇನ್ನೂ ಕಡಿಮೆ. ಹಾಗಾಗಿ ನೋವು ಜಾಸ್ತಿ ಇದ್ದ ದಿನ ನಾನು ಆಳದ ಕಡೆ ಹೋಗುತ್ತೇನೆ, ಚೆನ್ನಾಗಿದ್ದ ದಿನ ಸೊಂಟಮಟ್ಟಕ್ಕೆ ಬರುತ್ತೇನೆ.

ಇನ್ನು ಆ ಆರು ತಿಂಗಳ ಕಥೆ. ನಾವು ಮೂವರು ಗೆಳತಿಯರು ಹರಟೆ ಹೊಡೆಯುತ್ತಾ ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದೆವು. ಹಾಯಾಗಿತ್ತು. ಮೈಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಹೊಸದಾಗಿ ಬಂದ ಟ್ರೈನರ್ ಹುಡುಗಿ ಒಂದು ದಿನ, "ಆಂಟಿ, ನೀವು ನೀರಿಗೆ ತೊಂದರೆನೇ ಕೊಡುತ್ತಿಲ್ಲ" ಎಂದಳು. ಕೈಯ ವೇಗ ಎರಡು ಪಟ್ಟು ಮಾಡಿದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಅದೇ ಇಲ್ಲಿನ ಗುಟ್ಟು. ಅಂಗೈ ಓರೆ ಹಿಡಿದರೆ ಕತ್ತಿಯ ಹಾಗೆ ಸೀಳಿಕೊಂಡು ಹೋಗುತ್ತದೆ. ಅಂಗೈ ಅಗಲ ಮಾಡಿ ಜೋರಾಗಿ ತಳ್ಳಿ ನೋಡಿ, ಹದಿನೈದನೇ ಸಲಕ್ಕೆ ತೋಳು ಉರಿಯುತ್ತದೆ. ಹೂವಿನಷ್ಟು ಹಗುರದ ಫೋಮ್ ಡಂಬೆಲ್ ಕೊಡುತ್ತಾರೆ, ಮೊದಲು ನೋಡಿ ನಕ್ಕಿದ್ದೆ. ಅದನ್ನು ಎತ್ತುವುದಲ್ಲ, ನೀರೊಳಗೆ ಒತ್ತುವುದು. ಒತ್ತಿದಷ್ಟೂ ಮೇಲೆ ಬರುತ್ತೇನೆ ಅಂತ ಹಟ ಹಿಡಿಯುತ್ತದೆ.

ತೂಕದ ಬಗ್ಗೆ ಜಾಸ್ತಿ ಆಸೆ ಬೇಡ. ನನಗೆ ಒಂದು ವರ್ಷಕ್ಕೆ ಇಳಿದಿದ್ದು ಎರಡೇ ಕಿಲೋ. ಆದರೆ ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ ಒಂದೊಂದೇ ಹೆಜ್ಜೆ ಇಡುತ್ತಿದ್ದವಳು ಈಗ ನೇರ ಇಳಿಯುತ್ತೇನೆ. ಮರೆತೆ, ನೀರಿನ ಶೂ ಸಿಗುತ್ತದೆ, ರಬ್ಬರ್ ಅಟ್ಟೆಯದು. ಅದನ್ನು ಮೊದಲ ದಿನವೇ ಹಾಕಿಕೊಳ್ಳಿ.

ಫಿಸಿಯೋಥೆರಪಿ ಕೆಲಸದವಳು:
ಮೇಲಿನ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸಲೇಬೇಕು, ಇದು ಬಿಟ್ಟುಹೋದರೆ ಕಷ್ಟ. ನಿಮ್ಮ ಟಿ-ಸ್ಕೋರ್ ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದೆ, ಅಂದರೆ ಮೂಳೆ ತೆಳುವಾಗಿದೆ, ಆದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭಕ್ಕೆ ಮುರಿಯುವ ಸ್ಥಿತಿ) ಅನ್ನುವ ಮಟ್ಟಕ್ಕೆ ಹೋಗಿಲ್ಲ. ಮುಟ್ಟು ನಿಂತು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇಳಿದ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ, ನೀವು ಈಗ ಅದರಲ್ಲೇ ಇದ್ದೀರಿ. ಮೂಳೆ ಗಟ್ಟಿಯಾಗಿ ಉಳಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ನೀರು ಮಾಡುವುದೇ ಭಾರ ಕಡಿಮೆ. ಮಂಡಿಗೆ ಹಿತವಾದದ್ದೇ ಮೂಳೆಗೆ ಸಾಲದು, ಅರ್ಥ ಆಯಿತಲ್ವಾ? ಏನೂ ಮಾಡದೆ ಕೂರುವುದಕ್ಕಿಂತ ನೀರು ಖಂಡಿತ ಮೇಲು, ಸ್ನಾಯುವಿಗೂ ಬ್ಯಾಲೆನ್ಸಿಗೂ ಒಳ್ಳೆಯದು, ಬೀಳದೇ ಇದ್ದರೆ ಅರ್ಧ ಮೂಳೆ ಉಳಿದ ಹಾಗೆ. ಆದರೆ ವಾರಕ್ಕೆ ಎರಡು ದಿನ ನೆಲದ ಮೇಲೂ ಏನಾದರೂ ಮಾಡಿ. ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಆಮೇಲೆ ಸ್ವಲ್ಪ ಸ್ವಲ್ಪ ತೂಕ. ಮಂಡಿ ಒಪ್ಪಿದಷ್ಟು.

ಕೈಗೆ ಕಟ್ಟುವ ವಾಚ್ ನೋಡಿ ಎದೆಬಡಿತ ಲೆಕ್ಕ ಹಾಕಬೇಡಿ. ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆ ಬರುವುದರಿಂದ ಅಷ್ಟೇ ಶ್ರಮಕ್ಕೆ ಬಡಿತ ಕಡಿಮೆ ತೋರಿಸುತ್ತದೆ. ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಶ್ರಮ ಸಾಕು. ಬಿಪಿ ಮಾತ್ರೆ ತಗೊಳ್ಳುವವರು ಹೊರಗೆ ಬರುವಾಗ ನಿಧಾನ, ತಲೆ ಸುತ್ತಬಹುದು.

50ರ ಆಸುಪಾಸು, ಸ್ವಲ್ಪ ಸಂಕೋಚದಿಂದ:
ಮಂಡಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ನೀರಿಗಿಳಿದು ಹದಿನೈದು ನಿಮಿಷಕ್ಕೆ ಮೂತ್ರ ಬಂದ ಹಾಗಾಗುತ್ತದೆ. ನನಗೆ ಏನೋ ರೋಗ ಅಂದುಕೊಂಡಿದ್ದೆ. ಅಲ್ಲ, ರಕ್ತ ಎದೆಗೆ ಸೇರಿದಾಗ ದೇಹ ನೀರು ಜಾಸ್ತಿ ಆಯಿತು ಅಂದುಕೊಂಡು ಹೊರಹಾಕಲು ನೋಡುತ್ತದಂತೆ. ಅದಕ್ಕೆ ಹೋಗುವ ಮೊದಲೇ ಬಾತ್‌ರೂಮ್ ಮುಗಿಸಿ. ಹಾಗಂತ ನೀರು ಕುಡಿಯುವುದು ಬಿಡಬೇಡಿ, ಪೂಲ್‌ನಲ್ಲೂ ಬೆವರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ.

ಇನ್ನೊಂದು, ಈ ವಯಸ್ಸಿನಲ್ಲಿ ಕೆಳಗೆ ಒಣಗಿರುತ್ತದೆ, ಕ್ಲೋರಿನ್ ಸೇರಿದರೆ ಉರಿ. ಮುಗಿದ ಕೂಡಲೇ ಬರೀ ನೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಬದಲಿಸಿ, ಅದರಲ್ಲೇ ಕೂತು ಮಾತಾಡಬೇಡಿ (ನಾನು ಕೂತಿದ್ದೆ, ವಾರವಿಡೀ ಅನುಭವಿಸಿದೆ). ಆದರೂ ಉರಿದರೆ ಡಾಕ್ಟರಿಗೆ ಹೇಳಿ, ಹಚ್ಚುವ ಕ್ರೀಮ್ ಇದೆ. ಮುಟ್ಟು ನಿಂತು ವರ್ಷ ಕಳೆದವರಿಗೆ ಒಂದು ಹನಿ ರಕ್ತ ಕಂಡರೂ ಅದು ವ್ಯಾಯಾಮದಿಂದ ಅಂತ ಸುಮ್ಮನಿರಬೇಡಿ, ತೋರಿಸಲೇಬೇಕು.

ಬಿಟ್ಟು ಮತ್ತೆ ಸೇರಿದವಳು:
ನಾನು ಮೊದಲು ಹೋಗಿದ್ದು ಬಿಸಿನೀರಿನ ಪೂಲ್, 34 ಡಿಗ್ರಿ. ಕೀಲುನೋವಿಗೆ ಸ್ವರ್ಗ, ಮೈ ಬಿಸಿಯೇರುವ ನನಗೆ ನರಕ. ಮುಖವೆಲ್ಲ ಕೆಂಪಾಗಿ ಮಧ್ಯದಲ್ಲೇ ಎದ್ದು ಬಂದೆ, ಎರಡೇ ವಾರಕ್ಕೆ ಬಿಟ್ಟೆ. ಈಗ 28-29 ಇರುವ ಕಡೆ ಹೋಗುತ್ತೇನೆ, ಇಳಿಯುವಾಗ ಜುಂ ಅನ್ನುತ್ತದೆ, ಐದು ನಿಮಿಷಕ್ಕೆ ಸರಿಹೋಗುತ್ತದೆ. ರಾತ್ರಿಯ ಬಿಸಿ ನಿಂತಿತಾ ಅಂದರೆ ಇಲ್ಲ. ಎಚ್ಚರವಾದರೂ ಮತ್ತೆ ಬೇಗ ನಿದ್ದೆ ಹತ್ತುತ್ತದೆ, ಅಷ್ಟು ಲಾಭ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಅಕ್ಕ, ನೀವು ಒಂದು ಸಲಕ್ಕೆ ಏನೇನು ಮಾಡುತ್ತೀರಿ?

58 ವರ್ಷ, ನೀರಿಗಿಳಿದು ನಾಲ್ಕು ವರ್ಷ:
ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ಮೊದಲು ಮುಂದಕ್ಕೆ, ಹಿಂದಕ್ಕೆ, ಏಡಿಯ ಹಾಗೆ ಅಡ್ಡಕ್ಕೆ ನಡೆಯುತ್ತೇನೆ. ಹಿಂದಕ್ಕೆ ನಡೆಯುವುದು ಕಷ್ಟ, ಬ್ಯಾಲೆನ್ಸಿಗೆ ಒಳ್ಳೆಯದು. ಆಮೇಲೆ ಮಂಡಿ ಎತ್ತಿ ನಿಂತಲ್ಲೇ ಓಟ, ಮೂವತ್ತು ಸೆಕೆಂಡ್ ಜೋರು, ಒಂದು ನಿಮಿಷ ನಿಧಾನ, ಹೀಗೆ ಎಂಟು ಸಲ. ಕಂಬಿ ಹಿಡಿದು ಕಾಲು ಪಕ್ಕಕ್ಕೆ, ಹಿಂದಕ್ಕೆ ಬೀಸುವುದು. ಡಂಬೆಲ್. ಕೊನೆಗೆ ಒಂಟಿ ಕಾಲಿನಲ್ಲಿ ನಿಲ್ಲುವುದು, ಪಕ್ಕದವರು ಬೇಕಂತಲೇ ಅಲೆ ಎಬ್ಬಿಸುತ್ತಾರೆ. ನೀವು ಹದಿನೈದು-ಇಪ್ಪತ್ತು ನಿಮಿಷದಿಂದ ಶುರು ಮಾಡಿ. ನೀರಿನಲ್ಲಿ ಇರುವಾಗ ಏನೂ ಗೊತ್ತಾಗುವುದಿಲ್ಲ, ಮಾರನೇ ದಿನ ತೊಡೆ ಹೇಳುತ್ತದೆ.

ಕೇಳಿದವರು:
ಹೋಗಿ ಬಂದೆ! ಇಪ್ಪತ್ತು ನಿಮಿಷ. ಹಿಂದಕ್ಕೆ ನಡೆಯಲು ಹೋಗಿ ಎರಡು ಸಲ ಕೂತೇಬಿಟ್ಟೆ, ನೀರು ಹಿಡಿದುಕೊಂಡಿತು. ಮೆಟ್ಟಿಲು ಹತ್ತಿ ಮೇಲೆ ಬರುವಾಗ ಯಾರೋ ಬೆನ್ನ ಮೇಲೆ ಮೂಟೆ ಇಟ್ಟ ಹಾಗಾಯಿತು, ನನ್ನದೇ ತೂಕ ಅಂತ ಆಮೇಲೆ ಹೊಳೆಯಿತು. ಇವತ್ತು ಮೂರನೇ ದಿನ, ಮಂಡಿ ಊದಿಲ್ಲ. ಹೆಬ್ಬೆರಳಿನ ತುದಿ ಮಾತ್ರ ಪೂಲ್‌ನ ತಳಕ್ಕೆ ಉಜ್ಜಿ ಚರ್ಮ ಕಿತ್ತಿದೆ.

58 ವರ್ಷ, ನೀರಿಗಿಳಿದು ನಾಲ್ಕು ವರ್ಷ:
ಶೂ ಅಂದಿದ್ದೆನಲ್ಲ! ಗಾಯ ಮಾಯುವವರೆಗೆ ನೀರಿಗಿಳಿಯಬೇಡಿ. ಅಲ್ಲಿಯವರೆಗೆ ಕುರ್ಚಿಯಿಂದ ಏಳುವುದು ಮಾಡುತ್ತಿರಿ.