ಸಹಾಯ ಬೇಕು: ಸಮಾಜಶಾಸ್ತ್ರದಿಂದ ಗಣಿತಕ್ಕೆ ದಾರಿ ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗಾಳಿಸುದ್ದಿ ಹೇಗೆ ಹರಡುತ್ತದೆ ಅನ್ನೋದು ನನ್ನ ವಿಷಯ.

ಇದನ್ನು ಸಾಂಕ್ರಾಮಿಕ ರೋಗ ಹರಡುವ ಲೆಕ್ಕದ (ಗಣಿತ ಮಾದರಿಯ) ಜೊತೆ ಹೋಲಿಸಿ 1964ರಲ್ಲೇ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ಬರೆದಿದ್ದಾರೆ. ಅವರು ತೋರಿಸಿದ ವ್ಯತ್ಯಾಸ ನನಗೆ ತುಂಬಾ ಹಿಡಿಸಿತು. ರೋಗದ ಲೆಕ್ಕದಲ್ಲಿ ಸೋಂಕಿತ ತಾನಾಗಿಯೇ ಗುಣವಾಗುತ್ತಾನೆ. ಸುದ್ದಿ ಹಬ್ಬಿಸುವವನು ಹಾಗಲ್ಲ, ಆ ಸುದ್ದಿ ಆಗಲೇ ಗೊತ್ತಿರುವವರು ಎದುರಾದಾಗ ಹೇಳೋದನ್ನು ಬಿಡುತ್ತಾನೆ. ಎಷ್ಟು ನಿಜ ಅಲ್ವಾ? ನನ್ನ ಸಂದರ್ಶನಗಳಲ್ಲೂ ಜನ ಇದನ್ನೇ ಹೇಳುತ್ತಾರೆ: "ಎಲ್ಲರಿಗೂ ಗೊತ್ತಾಯ್ತು, ಇನ್ನೇನು ಹೇಳೋದು."

ಮಾಹಿತಿ ವಿಜ್ಞಾನಿ ಡಾನ್ ಸ್ವಾನ್ಸನ್ 1986ರಲ್ಲಿ ಮೀನೆಣ್ಣೆಯ ಲೇಖನಗಳನ್ನೂ ರೇನಾಡ್ ಕಾಯಿಲೆಯ (ಚಳಿಗೆ ಬೆರಳುಗಳಿಗೆ ರಕ್ತ ಹರಿಯುವುದು ಕಡಿಮೆಯಾಗುವ ತೊಂದರೆ) ಲೇಖನಗಳನ್ನೂ ಒಟ್ಟಿಗೆ ಓದಿಯೇ, ಮೀನೆಣ್ಣೆ ಆ ಕಾಯಿಲೆಗೆ ನೆರವಾಗಬಹುದು ಎಂಬ ಹೊಸ ಊಹೆ ಕಂಡುಕೊಂಡರು. ಹಾಗಾಗಿ ಎರಡು ಕ್ಷೇತ್ರಗಳನ್ನು ಸೇರಿಸಿ ಓದುವ ಈ ದಾರಿ ಬಿಡಲು ಮನಸ್ಸಿಲ್ಲ.

ಕಷ್ಟ ಇರುವುದು ಇಲ್ಲಿ. ಸಮೀಕರಣ ಅರ್ಥವಾಗುತ್ತದೆ, ಆದರೆ ಗಣಿತದ ಆ ಕ್ಷೇತ್ರದಲ್ಲಿ ಯಾವುದು ಎಲ್ಲರೂ ಒಪ್ಪಿದ ಮಾತು, ಯಾವುದು ಇನ್ನೂ ಜಗಳದಲ್ಲಿದೆ ಅಂತ ಗೊತ್ತಾಗುವುದಿಲ್ಲ. ಸುಮ್ನೆ ಉಲ್ಲೇಖಗಳ ಸಂಖ್ಯೆ ನೋಡಿದರೆ ಸಾಲದು. ನೀವು ಹೇಗೆ ತಿಳಿದುಕೊಳ್ಳುತ್ತೀರಿ? ಮೊದಲು ವಿಮರ್ಶಾ ಲೇಖನ ಓದಬೇಕಾ, ಪಠ್ಯಪುಸ್ತಕವಾ? ಗಣಿತ ಅಥವಾ ಸಂಖ್ಯಾಶಾಸ್ತ್ರದವರು ಯಾರಾದರೂ ನನ್ನ ಒಂದು ಅಧ್ಯಾಯ ಓದಿ ತಪ್ಪು ತೋರಿಸಿದರೆ ದೊಡ್ಡ ಉಪಕಾರ. ದಯವಿಟ್ಟು ಇಲ್ಲೇ ತಿಳಿಸಿ.