ಅಗ್ಗದ ಹೆಣ್ಣು ಕುರಿ ಬೇಡ ಅಣ್ಣ

ಅಣ್ಣ, ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿ. ಸ್ಕ್ರೇಪಿ, ಅಂದರೆ ಕುರಿಗಳ ಮಿದುಳು ಕೆಡಿಸುವ ರೋಗ, ಬಂದಿದ್ದ ಹಿಂಡಿನಿಂದ ನಾಲ್ಕು ಹೆಣ್ಣು ಕುರಿ ಅಗ್ಗಕ್ಕೆ ಸಿಗುತ್ತಿವೆ, ದುಂಡಗಿವೆ, ತರಲಾ ಅಂದಿರಿ. ಬೇಡ. ಪುಕ್ಕಟೆ ಕೊಟ್ಟರೂ ಬೇಡ.

ದುಂಡಗಿರುವುದಕ್ಕೇ ಮೋಸ ಹೋಗುತ್ತೇವೆ, ಅಲ್ವಾ? ಈ ರೋಗ ಮೈಗೆ ಹೊಕ್ಕು ಹೊರಗೆ ಕಾಣಲು ಸಾಮಾನ್ಯವಾಗಿ 2ರಿಂದ 5 ವರ್ಷ ಬೇಕು. ಅಷ್ಟರಲ್ಲಿ ಕುರಿ ಎರಡು ಮೂರು ಸಲ ಈದಿರುತ್ತದೆ. ರೋಗ ಜಾಸ್ತಿ ಹರಡುವುದೇ ಆಗ, ಮಾಸು ಮತ್ತು ಈಯುವಾಗ ಬೀಳುವ ನೀರಿನಿಂದ. ಮಾಸು ನೆಕ್ಕಿದ ಪಕ್ಕದ ಕುರಿಗೂ ಅಂಟಬಹುದು, ಆ ನೆಲದಲ್ಲಿ ಬಾಯಾಡಿಸಿದ ಎಳೆ ಮರಿಗಂತೂ ಇನ್ನೂ ಸುಲಭ.

ಇಂಜೆಕ್ಷನ್ ಹಾಕಿಸಿದರಾಯಿತು ಅಂತ ಯಾರೋ ಹೇಳಿದ್ದಾರೆ. ಮದ್ದೂ ಇಲ್ಲ, ಲಸಿಕೆಯೂ ಇಲ್ಲ, ಬಂದ ಕುರಿ ಉಳಿಯುವುದಿಲ್ಲ. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅಂತ, ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಮಿದುಳಿನಲ್ಲಿರುವ ಸರಿಯಾದ ಪ್ರೋಟೀನನ್ನೂ ತನ್ನ ಹಾಗೇ ತಿರುಚುತ್ತದೆ. ಕುದಿಸಿದರೂ ಹೋಗುವುದಿಲ್ಲ, ರೋಗಾಣು ಕೊಲ್ಲಲು ಬಳಸುವ ಫಾರ್ಮಲಿನ್‌ಗೂ ಜಗ್ಗುವುದಿಲ್ಲ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬೇರೊಂದು ರೋಗಕ್ಕೆ ಕುರಿಗಳ ಅಂಗಾಂಶಕ್ಕೆ ಫಾರ್ಮಲಿನ್ ಹಾಕಿ ಲಸಿಕೆ ಮಾಡಿದ್ದರು. ಆ ಲಸಿಕೆಯಿಂದಲೇ ಎಷ್ಟೋ ಕುರಿಗಳಿಗೆ ಸ್ಕ್ರೇಪಿ ಬಂತು! ಐಸ್‌ಲೆಂಡಿನಲ್ಲಿ ಇಡೀ ಹಿಂಡು ತೆಗೆದು ಹೊಸ ಕುರಿ ತಂದ ಕಡೆ, 16 ವರ್ಷ ಆದ ಮೇಲೂ ಮತ್ತೆ ಕಾಣಿಸಿಕೊಂಡದ್ದಿದೆ. ಕೊಟ್ಟಿಗೆಗೆ ಒಮ್ಮೆ ಬಂದರೆ ಸುಮ್ನೆ ತೊಳೆದರೆ ಸಾಲದು.

ಹಿಂಡು ಬೆಳೆಸಲೇಬೇಕು ಅಂದರೆ ರೋಗವಿಲ್ಲದ ಹಿಂಡಿನಿಂದ ಟಗರು ತನ್ನಿ. ಟಗರು ಈಯುವುದಿಲ್ಲವಲ್ಲ, ಅದರಿಂದ ಹರಡುವುದು ಕಡಿಮೆ. ತರುವ ಮೊದಲು ಜೀನ್ ಪರೀಕ್ಷೆ ಮಾಡಿಸಿ. ಮಿದುಳಿನ ಆ ಪ್ರೋಟೀನಿನ ಜೀನಿನಲ್ಲಿ 171ನೇ ಜಾಗದ ರೋಗ ತಡೆಯುವ ನಮೂನೆಗೆ 'ಆರ್' ಅನ್ನುತ್ತಾರೆ. ಎರಡೂ ಪ್ರತಿ ಅದೇ ಆಗಿ 'ಆರ್‌ಆರ್' ಬಂದರೆ ಹುಟ್ಟುವ ಪ್ರತಿ ಮರಿಗೂ ಒಂದು 'ಆರ್' ಸಿಗುತ್ತದೆ. ಅಂಥ ಮರಿಗೆ ಮಾಮೂಲಿ ಸ್ಕ್ರೇಪಿ ತಗುಲುವ ಸಾಧ್ಯತೆ ತುಂಬಾ ಕಡಿಮೆ. ಇನ್ನೊಂದು ಜಾತಿಯ ಸ್ಕ್ರೇಪಿ ಇದೆ, ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಆದರೆ ಅದು ಹಿಂಡಿನಲ್ಲಿ ಹೀಗೆ ಹಬ್ಬುವುದು ಅಪರೂಪ.

ಈಯುವ ಕುರಿಯನ್ನು ಬೇರೆ ಕಟ್ಟಿ. ಮಾಸು ಬಿದ್ದ ಕೂಡಲೇ ಕೈಗವಸು ಹಾಕಿ ಎತ್ತಿ, ನೆನೆದ ಹಾಸಿನ ಸಮೇತ. ಹೇಗೆ ಸುಡುವುದು ಅಂತ ಪಶುವೈದ್ಯರನ್ನು ಕೇಳಿ. ಮೇವಿನಲ್ಲಿ ಮೂಳೆಪುಡಿ, ಮಾಂಸದಪುಡಿ ಬೇಡವೇ ಬೇಡ.

ಕುರಿ ಗೋಡೆಗೆ ಮೈ ಉಜ್ಜಿ ಉಣ್ಣೆ ಕಳೆದುಕೊಂಡರೆ, ಬೆನ್ನು ಕೆರೆದಾಗ ತುಟಿ ಚಪ್ಪರಿಸಿದರೆ, ತಿನ್ನುತ್ತಿದ್ದೂ ಸೊರಗಿ ತಟ್ಟಾಡಿದರೆ, ಹೇನಿನ ಮದ್ದು ಹಚ್ಚುತ್ತಾ ದಿನ ಕಳೆಯಬೇಡಿ. ಪಶುವೈದ್ಯರಿಗೆ ಅವತ್ತೇ ಫೋನ್ ಮಾಡಿ.

ಅಂದ ಹಾಗೆ, ಮುಂಗಡ ಕೊಟ್ಟುಬಿಟ್ಟಿದ್ದೀರಾ? ಕೊಟ್ಟಿದ್ದರೆ ಆ ದುಡ್ಡು ಹೋಗಲಿ ಬಿಡಿ, ಕುರಿ ಮಾತ್ರ ತರಬೇಡಿ.